ಎಎಸ್‌ವಿ ಟ್ರೇಗೆ ಕಟ್ಟಿದ ಕಾರ್ಡು: ನನ್ನ ಅನುಭವ

ಹಾವು ಕಡಿದು ಬಂದವರಿಗೆ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಚುಚ್ಚುಮದ್ದು) ಹಾಕುವ ಮೊದಲು ಚರ್ಮದಲ್ಲಿ ಟೆಸ್ಟ್ ಡೋಸ್ ಕೊಟ್ಟು ಕಾಯುವ ಪದ್ಧತಿ ನಮ್ಮ ಆಸ್ಪತ್ರೆಯಲ್ಲಿ ನಿಂತು ಎರಡು ಮಳೆಗಾಲಗಳಾದವು. ಯಾರಿಗೆ ಅಲರ್ಜಿಯ ರಿಯಾಕ್ಷನ್ ಆಗುತ್ತದೆಂಬುದನ್ನು ಆ ಪರೀಕ್ಷೆ ತಿಳಿಸುವುದಿಲ್ಲ, ಸಮಯವನ್ನಷ್ಟೇ ತಿನ್ನುತ್ತದೆ ಎಂಬುದು ನಮ್ಮವರಲ್ಲಿ ಬಹುತೇಕರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮಾಡುತ್ತಿದ್ದರು, ಏಕೆಂದರೆ ಟ್ರೇಯಲ್ಲಿ ಅದಕ್ಕೆಂದೇ ಇನ್ಸುಲಿನ್ ಸಿರಿಂಜ್ ಸಿದ್ಧವಾಗಿರುತ್ತಿತ್ತು. ಓದಿಸಿ ಕೈಯ ರೂಢಿ ಬಿಡಿಸಲಾಗದು ಎಂದು ನಮ್ಮ ಹಿರಿಯ ಪ್ರಸೂತಿ ತಜ್ಞೆ ನನ್ನ ಮುಖಕ್ಕೇ ಹೇಳಿದ್ದರು. ಓದಿಸಿ ಬಿಡಿಸಲಾಗದು ಎಂಬಷ್ಟರ ಮಟ್ಟಿಗೆ ಅವರ ಮಾತು ನಿಜವೇ ಆಗಿತ್ತು.

ಮಲೆನಾಡಿನ ಅಂಚಿನಲ್ಲಿರುವ ನಮ್ಮದು 50 ಹಾಸಿಗೆಯ ಆಸ್ಪತ್ರೆ. ವೈದ್ಯರು 9 ಮಂದಿ, ನರ್ಸ್‌ಗಳು 20ರ ಆಸುಪಾಸು. ಮೊದಲ ವರ್ಷ ನಾನು ಕಳೆದ ಹಣವನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ. ಔಷಧ ಕಂಪನಿಯ ದುಡ್ಡು ಬೇಡವೆಂದು ಹಟ ಹಿಡಿದು, ಭಾನುವಾರ ಹೋಟೆಲೊಂದರ ಹಾಲ್ ಹಿಡಿದು, ಬೆಂಗಳೂರಿನಿಂದ ಉಪನ್ಯಾಸಕರನ್ನು ಕರೆಸಿ ಸಿಎಂಇ, ಅಂದರೆ ವೈದ್ಯರ ಮುಂದುವರಿದ ಶಿಕ್ಷಣದ ಸಭೆ, ನಡೆಸಿದೆ. ಊಟವೂ ಸೇರಿ ಸುಮಾರು 45 ಸಾವಿರ ರೂಪಾಯಿ ಖರ್ಚಾಯಿತು. 5 ವರ್ಷಕ್ಕೆ 30 ಗಂಟೆಯ ಕ್ರೆಡಿಟ್ ತುಂಬಿಸಬೇಕಾದವರು ಸಹಿ ಹಾಕಿದರು, ಹೋಳಿಗೆ ತಿಂದರು, ಮುಂದಿನ ವಾರದ ರಾತ್ರಿ ಪಾಳಿಯಲ್ಲಿ ಮತ್ತೆ ಟೆಸ್ಟ್ ಡೋಸ್ ಕೊಟ್ಟರು. ಇಂಥ ಸಭೆಗಳಿಂದ ವೃತ್ತಿಯ ನಡವಳಿಕೆ ಸುಧಾರಿಸುವುದು ಶೇ 6ರಷ್ಟು ಮಾತ್ರ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2009ರ ವಿಮರ್ಶೆಯಲ್ಲಿ ಆಮೇಲೆ ಓದಿದೆ. ನನ್ನ ಹೋಳಿಗೆಗೆ ಅಷ್ಟೂ ದಕ್ಕಿರಲಿಲ್ಲ. 25 ಸಾವಿರ ಕೊಟ್ಟು ತರಿಸಿದ ಜರ್ನಲ್‌ಗಳ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಹರಿಯಲಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ನಾನು ಹಾಕಿದ ಪೇಪರ್‌ಗಳು ಶುಭೋದಯದ ಗುಲಾಬಿಗಳ ಕೆಳಗೆ ಹೂತುಹೋದವು.

ಕೊನೆಗೆ ಕೈಹಿಡಿದದ್ದು ಬಹಳ ಚಿಕ್ಕ ಏರ್ಪಾಡು. ಹದಿನೈದು ದಿನಕ್ಕೊಂದು ಮಂಗಳವಾರ, ಒಪಿಡಿ ಮುಗಿದ ಮೇಲೆ, ಕ್ಯಾಷುವಾಲ್ಟಿಯ ಟ್ರೇ ಪಕ್ಕದಲ್ಲಿ ನಿಂತುಕೊಂಡೇ 12 ನಿಮಿಷ ಮಾತಾಡುತ್ತೇವೆ. ಪ್ರಶ್ನೆ ಒಂದೇ, ಅದೂ ಆ ಹದಿನೈದು ದಿನಗಳ ನಮ್ಮದೇ ರೋಗಿಯಿಂದ ಹುಟ್ಟಿದ್ದಾಗಿರಬೇಕು. ಪೇಪರ್ ತೋರಿಸುವ ಮೊದಲು ಪ್ರತಿಯೊಬ್ಬರೂ ತಾವು ಮಾಡುವುದನ್ನು ಚೀಟಿಯಲ್ಲಿ ಬರೆದುಕೊಡಬೇಕು. ಆ ಚೀಟಿಗಳನ್ನು ಆಮೇಲೆ ನಾನು ಹೇಗೆ ಬಳಸುತ್ತೇನೆ ಎಂಬುದನ್ನು ಇಲ್ಲಿ ಬರೆಯಲಾರೆ. ನಮ್ಮವರೂ ಇದನ್ನು ಓದುತ್ತಾರೆ. ಬಳಿಕ ಒಂದು ಪೇಪರಿನ ಒಂದೇ ಕೋಷ್ಟಕವನ್ನು ನೋಡುತ್ತೇವೆ. ತೀರ್ಮಾನವನ್ನು ಕನ್ನಡದಲ್ಲಿ, ತಾರೀಖಿನೊಡನೆ, ಅಂಗೈಯಗಲದ ಕಾರ್ಡಿಗೆ ಇಳಿಸಿ ಲ್ಯಾಮಿನೇಟ್ ಮಾಡಿಸಿ ಟ್ರೇಗೇ ಕಟ್ಟುತ್ತೇವೆ. ಬೇಡವೆಂದು ತೀರ್ಮಾನವಾದ ವಸ್ತುವನ್ನು ಅಂದೇ ಟ್ರೇಯಿಂದ ತೆಗೆಯುತ್ತೇವೆ. ಇನ್ಸುಲಿನ್ ಸಿರಿಂಜ್ ಹೋದದ್ದು ಹೀಗೆ. ತಿಂಗಳ ಕೊನೆಗೆ ರಿಜಿಸ್ಟರ್ ಎಣಿಸಿ, ಹೆಸರಿಲ್ಲದೆ ಸಂಖ್ಯೆಯನ್ನಷ್ಟೇ ಗೋಡೆಗೆ ಹಚ್ಚುತ್ತೇವೆ.

ಎರಡನೆಯ ಮಂಗಳವಾರದ ಪ್ರಶ್ನೆ, ರಿಯಾಕ್ಷನ್ ತಡೆಯಲೆಂದು ಎಎಸ್‌ವಿಗೆ ಮುನ್ನ ಕೊಡುವ ಔಷಧಗಳದ್ದು. 9 ಚೀಟಿಗಳಲ್ಲಿ 8ರಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮತ್ತು ಅಲರ್ಜಿಯ ಔಷಧ ಅವಿಲ್ ಇದ್ದವು. 2011ರಲ್ಲಿ ಪ್ರಕಟವಾದ ಶ್ರೀಲಂಕಾದ ಅಧ್ಯಯನವನ್ನು ತೆರೆದೆ. 1,007 ರೋಗಿಗಳ ಆ ಪ್ರಯೋಗದಲ್ಲಿ ಬಳಸಿದ್ದೂ ಭಾರತದ ಎಎಸ್‌ವಿಯೇ. ಚರ್ಮದಡಿ ಕೊಟ್ಟ ಅಲ್ಪ ಪ್ರಮಾಣದ ಅಡ್ರಿನಲಿನ್ ಮೊದಲ ಗಂಟೆಯ ತೀವ್ರ ರಿಯಾಕ್ಷನ್‌ಗಳನ್ನು ಶೇ 43ರಷ್ಟು ತಗ್ಗಿಸಿತ್ತು. ಹೈಡ್ರೋಕಾರ್ಟಿಸೋನ್ ಮತ್ತು ಅವಿಲ್‌ನದೇ ಗುಂಪಿನ ಪ್ರೊಮೆಥಜಿನ್‌ನಿಂದ ಪ್ರಯೋಜನ ಕಂಡಿರಲಿಲ್ಲ. ಹೈಡ್ರೋಕಾರ್ಟಿಸೋನ್ ಜೊತೆಗೂಡಿಸಿದಾಗ ಅಡ್ರಿನಲಿನ್‌ನ ಲಾಭವೂ ಅಳಿದುಹೋಗಿತ್ತು. ಈ ಕೊನೆಯ ಸಾಲು ಓದಿದಾಗ ಕ್ಯಾಷುವಾಲ್ಟಿಯಲ್ಲಿ ಕವಿದ ಮೌನವನ್ನು ಯಾವ ಉಪನ್ಯಾಸಕರೂ ನನಗೆ ಕೊಡಿಸಿರಲಿಲ್ಲ.

ಕಾರ್ಡೇ ನಮ್ಮನ್ನು ಬೀಳಿಸುವುದರಲ್ಲಿದ್ದ ಒಂದು ರಾತ್ರಿಯೂ ಇದೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಎಲ್ಲರೂ ಮಾಡಲೇಬೇಕೆಂದು ಬರೆಸಿದ್ದೆ; ಗಾಜಿನ ಟ್ಯೂಬಿನಲ್ಲಿಟ್ಟ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟದಿದ್ದರೆ ವಿಷ ಏರಿದೆಯೆಂದು ಅರ್ಥ. ಅಡಿಕೆ ತೋಟದ ಕೆಲಸದವನೊಬ್ಬನನ್ನು ಕರೆತಂದರು, ಜೊತೆಗೆ ಚೀಲದಲ್ಲಿ ಸತ್ತ ಹಾವು; ನೋಡಿದರೆ ವಿಷವಿಲ್ಲದ ಕೇರೆ ಹಾವು. ಊತವಿಲ್ಲ, ರಕ್ತಸ್ರಾವವಿಲ್ಲ, ಆದರೂ ಟ್ಯೂಬ್ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿಯಿತು. ಡ್ಯೂಟಿ ಡಾಕ್ಟರ್ ಎಎಸ್‌ವಿಯ 10 ವೈಯಲ್ (ಔಷಧದ ಪುಟ್ಟ ಸೀಸೆ) ಒಡೆಯುವುದರಲ್ಲಿದ್ದರು. ನಾನು ಅದೇ ಸ್ಟ್ಯಾಂಡಿನ ಇನ್ನೊಂದು ಟ್ಯೂಬಿಗೆ ನನ್ನ ಕೈಯಿಂದಲೇ 2 ಮಿಲಿ ರಕ್ತ ತೆಗೆಸಿ ಗಡಿಯಾರ ನೋಡುತ್ತ ಕುಳಿತೆ, ಅದೂ ಹೆಪ್ಪುಗಟ್ಟಲಿಲ್ಲ! ಲ್ಯಾಬಿನ ಹುಡುಗ ಟ್ಯೂಬ್‌ಗಳನ್ನು ಸೋಪಿನ ಪುಡಿಯಲ್ಲಿ ಉಜ್ಜಿ ಥಳಥಳನೆ ಜೋಡಿಸಿದ್ದ. ಡಿಟರ್ಜೆಂಟ್ ತಾಗಿದ ಗಾಜು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಮರುದಿನವೇ ಕಾರ್ಡಿಗೆ "ಹೊಸ, ಒಣ ಗಾಜಿನ ಟ್ಯೂಬ್ ಮಾತ್ರ" ಎಂಬ ಸಾಲು ಸೇರಿತು.

ಈಗ ವರ್ಷಕ್ಕೆ ಲ್ಯಾಮಿನೇಷನ್, ಚಹಾ, ಹೊಸ ಟ್ಯೂಬ್‌ಗಳು ಎಲ್ಲ ಸೇರಿ ನಾಲ್ಕೈದು ಸಾವಿರ ತಗಲುತ್ತಿದೆ. ಅನವಶ್ಯ ವೈಯಲ್‌ಗಳಲ್ಲಿ ಉಳಿದದ್ದನ್ನು ಲೆಕ್ಕ ಹಾಕಿದರೆ ಆಡಳಿತ ಮಂಡಳಿ ನನಗೇ ದುಡ್ಡು ಕೊಡಬೇಕು. ನಡುವೆ ನರ್ಸ್‌ಗಳಿಗೆಂದು 3 ನಿಮಿಷದ ಕನ್ನಡ ಧ್ವನಿಮುದ್ರಣವನ್ನೂ ಮಾಡಿ ನೋಡಿದೆ. ಬಸ್ಸಿನಲ್ಲಿ ಕೇಳುತ್ತಾರೆಂದುಕೊಂಡಿದ್ದೆ, ಇಬ್ಬರು ಕೇಳಿದರು.

ಕಳೆದ ತಿಂಗಳ ಪ್ರಶ್ನೆಯನ್ನು ಎತ್ತಿದವರು ಆ ಪ್ರಸೂತಿ ತಜ್ಞೆಯೇ: ಹೆರಿಗೆಯ ನಂತರದ ರಕ್ತಸ್ರಾವವನ್ನು ಕಣ್ಣಳತೆಯಲ್ಲಿ ಅಂದಾಜಿಸಬಹುದೇ? ಸ್ರವಿಸಿದ ರಕ್ತವನ್ನು ಹಿಡಿದು ಅಳೆಯುವ, ಅಳತೆಗೆರೆಯಿರುವ ಡ್ರೇಪ್ (ಪ್ಲಾಸ್ಟಿಕ್ ಹಾಸು) ಬಳಸಿ ಬೆಳಗಾವಿಯಲ್ಲಿ ನಡೆದ ಅಧ್ಯಯನವನ್ನು ತೆಗೆಯುವ ಮೊದಲು, ಚೀಟಿಯ ಬದಲು ಈ ಬಾರಿ ಬಕೆಟ್ ತರಿಸಿದೆ. ಕುಂಕುಮ ಕಲಸಿದ 800 ಮಿಲಿ ನೀರನ್ನು ಹಳೆಯ ಬೆಡ್‌ಶೀಟಿನ ಮೇಲೆ ಸುರಿದು ಎಲ್ಲರನ್ನೂ ಕೇಳಿದೆ. 500 ದಾಟಿ ಯಾರೂ ಹೇಳಲಿಲ್ಲ. ಪ್ರಸೂತಿ ತಜ್ಞೆ 350 ಎಂದರು, ಜಗ್ ಈಸಿಕೊಂಡು ತಾವೇ ಅಳೆದು ಮತ್ತೊಮ್ಮೆ ಸುರಿದರು, ಆಮೇಲೆ ಡ್ರೇಪ್‌ನ ಬೆಲೆ ಎಷ್ಟೆಂದು ಕೇಳಿದರು.