ಡೀಸೆಲ್ ಬ್ಲಾಕ್ ಯಾವುದು ಅಂತ ನಾನು ಹೇಗೆ ಪತ್ತೆ ಹಚ್ಚುತ್ತೇನೆ

ಹಳೆಯ ಡೀಸೆಲ್ ಎಂಜಿನ್ ಕೈಗೆ ಬಂದರೆ ನಾನು ಸ್ಪ್ಯಾನರ್‌ಗಿಂತ ಮುಂಚೆ ವೈರ್ ಬ್ರಷ್ ಹಿಡಿಯುತ್ತೇನೆ. ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಎರಕದ ಒಡಲು) ಯಾವುದು ಅಂತ ಖಚಿತ ಆಗುವವರೆಗೆ ಪಿಸ್ಟನ್, ಲೈನರ್ (ಪಿಸ್ಟನ್ ಓಡುವ ಬಿಡಿ ಕೊಳವೆ), ಗ್ಯಾಸ್ಕೆಟ್ ಯಾವುದಕ್ಕೂ ಆರ್ಡರ್ ಕೊಡುವುದಿಲ್ಲ.

ಪ್ಲೇಟ್ ನೋಡಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ಕಮ್ಮಿನ್ಸ್ ಕಂಪನಿಯ ಬಿ ಸೀರೀಸ್ ಎಂಜಿನ್ನನ್ನೇ ನೋಡಿ. ಸೀರಿಯಲ್ ನಂಬರ್, ಸಿಪಿಎಲ್ ನಂಬರ್ (ಯಾವ ಪಾರ್ಟುಗಳಿಂದ ಕಟ್ಟಿದ ಎಂಜಿನ್ ಅಂತ ಹೇಳುವ ಪಟ್ಟಿಯ ನಂಬರ್) ಇರುವ ಪ್ಲೇಟನ್ನು ಮುಂದಿನ ಗೇರ್ ಹೌಸಿಂಗ್ ಮೇಲೆ ಹೊಡೆದಿರುತ್ತಾರೆ. ಆ ಹೌಸಿಂಗ್ ಬಿಚ್ಚಿ ಬೇರೆ ಬ್ಲಾಕಿಗೆ ಕೂರಿಸಿದರೆ ಪ್ಲೇಟೂ ಅದರ ಜೊತೆಗೇ ಹೋಗುತ್ತದೆ. ಬಣ್ಣ ಬಳಿದ ಮೇಲಂತೂ ಯಾರಿಗೂ ಅನುಮಾನ ಬರುವುದಿಲ್ಲ.

ಬ್ಲಾಕಿನ ಮೈಮೇಲೆ ಎರಡು ಥರದ ಅಕ್ಷರ ಇರುತ್ತವೆ. ಉಬ್ಬಿ ನಿಂತಿರುವುದು ಎರಕದಲ್ಲೇ ಬಂದದ್ದು. ಒಳಗೆ ಇಳಿದಿರುವುದು ಆಮೇಲೆ ಪಂಚ್ ಹೊಡೆದದ್ದು. ಪಂಚ್ ನಂಬರನ್ನು ಗ್ರೈಂಡರ್‌ನಿಂದ ಅಳಿಸಿ ಹೊಸದು ಹೊಡೆಯಬಹುದು. ಹಾಗಾಗಿ ನಂಬರ್ ಓದುವ ಮುಂಚೆ ಅದು ಕೂತಿರುವ ಜಾಗವನ್ನು ನೋಡುತ್ತೇನೆ. ಫ್ಯಾಕ್ಟರಿಯಲ್ಲಿ ಮಟ್ಟ ಮಾಡಿದ ಮೈಯಲ್ಲಿ ಗೆರೆಗಳು ಒಂದೇ ದಿಕ್ಕಿಗೆ, ಒಂದೇ ಸಮನಾಗಿ ಓಡುತ್ತವೆ. ಸುತ್ತುಗೆರೆ, ತಗ್ಗು ಕಂಡರೆ ಅಲ್ಲಿ ಯಾರೋ ಕೈ ಆಡಿಸಿದ್ದಾರೆ ಅಂತಲೇ ಲೆಕ್ಕ.

ಉಬ್ಬು ಅಕ್ಷರ ಓದಲು ತಾಳ್ಮೆ ಬೇಕು. ಗ್ರೀಸು, ಮಣ್ಣು, ಹಳೆಯ ಬಣ್ಣ ಸೇರಿ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ಬ್ರಷ್‌ನಿಂದ ಉಜ್ಜುತ್ತೇನೆ. ಒರೆಸಿ ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಮೇಲ್ಮೇಲೆ ಸವರಿದರೆ ಉಬ್ಬಿದ ಭಾಗಕ್ಕೆ ಮಾತ್ರ ಬಿಳಿ ಹತ್ತುತ್ತದೆ. ಟಾರ್ಚನ್ನು ನೇರವಾಗಿ ಬಿಡಬಾರದು, ಪಕ್ಕದಿಂದ ಓರೆಯಾಗಿ ಬಿಡಬೇಕು. ಆಗ ಅಕ್ಷರದ ನೆರಳು ಬಿದ್ದು 3 ಯಾವುದು, 8 ಯಾವುದು ಅಂತ ಗೊತ್ತಾಗುತ್ತದೆ. ಕೈ ಹೋಗುವ ಜಾಗ, ಕಣ್ಣು ಹೋಗದ ಜಾಗ ಆದರೆ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತೇನೆ.

ಎರಕದ ತಾರೀಖೂ ತುಂಬಾ ಉಪಯೋಗಕ್ಕೆ ಬರುತ್ತದೆ. ಕೆಲವು ಬ್ಲಾಕುಗಳಲ್ಲಿ ಪುಟ್ಟ ಗಡಿಯಾರದಂಥ ಗುರುತು ಇರುತ್ತದೆ, ಮಧ್ಯದ ಬಾಣ ತಿಂಗಳನ್ನು ತೋರಿಸುತ್ತದೆ. ಜಿಎಂ (ಜನರಲ್ ಮೋಟರ್ಸ್) ಎರಕಗಳಲ್ಲಿ ತಿಂಗಳಿಗೆ ಅಕ್ಷರ ಹಾಕುವ ಪದ್ಧತಿ ಇತ್ತು. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ‘ಸಿ 14 8’ ಅಂತಿದ್ದರೆ ಮಾರ್ಚ್ 14, ವರ್ಷದ ಕೊನೆಯ ಅಂಕಿ 8. ಅದು 1978ರದ್ದೋ 1988ರದ್ದೋ ಅನ್ನುವುದನ್ನು ಬ್ಲಾಕಿನ ಬೇರೆ ಲಕ್ಷಣ ನೋಡಿಯೇ ತೀರ್ಮಾನಿಸಬೇಕು. ಗಾಡಿ ತಯಾರಾದ ತಾರೀಖಿಗಿಂತ ಬ್ಲಾಕಿನ ತಾರೀಖು ಈಚಿನದಾಗಿದ್ದರೆ ಎಂಜಿನ್ ಬದಲಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಕದ ನಂಬರ್ ಬೇರೆ, ಪಾರ್ಟ್ ನಂಬರ್ ಬೇರೆ. ಒಂದೇ ಅಚ್ಚಿನಲ್ಲಿ ಎರೆದ ಬ್ಲಾಕನ್ನು ಮಷಿನ್ ಶಾಪಿನಲ್ಲಿ ಎರಡು ಮೂರು ಥರ ಕೊರೆದು ಬೇರೆ ಬೇರೆ ಎಂಜಿನ್ನಿಗೆ ಹಾಕುತ್ತಾರೆ. ಆದ್ದರಿಂದ ನಂಬರ್ ಹೊಂದಿದರೂ ನನಗೆ ಸಮಾಧಾನ ಇಲ್ಲ. ಯಾವ ಬಾಸ್ (ತೂತು ಕೊರೆಯಲೆಂದು ಎರಕದಲ್ಲಿ ಬಿಟ್ಟ ಉಬ್ಬು) ಕೊರೆದಿದ್ದಾರೆ, ಯಾವುದನ್ನು ಒರಟಾಗಿ ಹಾಗೇ ಬಿಟ್ಟಿದ್ದಾರೆ ಅಂತ ನೋಡುತ್ತೇನೆ.

ಒಮ್ಮೆ ಒಬ್ಬರು ಆರು ಸಿಲಿಂಡರಿನ ಬ್ಲಾಕ್ ತಂದಿದ್ದರು. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಎಂಜಿನ್ನಿನದು ಅಂತ ಕೊಂಡಿದ್ದರು. ಎರಕದ ನಂಬರ್ ಟರ್ಬೊ ಪಟ್ಟಿಯಲ್ಲಿ ಇತ್ತು, ಪ್ಲೇಟೂ ಅದನ್ನೇ ಹೇಳುತ್ತಿತ್ತು. ಬ್ಲಾಕ್ ಮಗುಚಿ ಕ್ರ್ಯಾಂಕ್ ಕೂರುವ ಕಡೆಯಿಂದ ಟಾರ್ಚ್ ಬಿಟ್ಟೆ. ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸುವ ಜೆಟ್ ಕೂರಬೇಕಾದ ಕಡೆ ಉಬ್ಬು ಇತ್ತು, ತೂತು ಇರಲಿಲ್ಲ. ಬೆರಳಾಡಿಸಿದರೆ ಮರಳಚ್ಚಿನ ತರಿ ಹಾಗೇ ಸಿಗುತ್ತಿತ್ತು. "ಅಣ್ಣಾ, ಇದಕ್ಕೆ ಟರ್ಬೊ ಕೂರಿಸಿದರೆ ಪಿಸ್ಟನ್ ತಂಪಾಗೋಕೆ ಆಯಿಲ್ ಎಲ್ಲಿಂದ ಬರಬೇಕು?" ಅಂದೆ. ಅವರೂ ಕೈ ಹಾಕಿ ನೋಡಿದರು. ಮುಂದೆ ಹೇಳುವ ಅಗತ್ಯವೇ ಬೀಳಲಿಲ್ಲ.

ಮರ್ಸಿಡಿಸ್‌ನ ಐದು ಸಿಲಿಂಡರ್ ಓಎಂ 617ರಲ್ಲೂ ಈ ವ್ಯತ್ಯಾಸ ಇದೆ. ಎಂಜಿನ್ ನಂಬರ್ 617.912 ಅಂತ ಶುರುವಾದರೆ ಟರ್ಬೊ ಇಲ್ಲದ್ದು, 617.952 ಅಂತ ಶುರುವಾದರೆ ಟರ್ಬೊ. ಟರ್ಬೊ ಬ್ಲಾಕಿನಲ್ಲಿ ಆಯಿಲ್ ಜೆಟ್ ಇರುತ್ತವೆ, ಇನ್ನೊಂದರಲ್ಲಿ ಇರುವುದಿಲ್ಲ. ನಂಬರ್ ಅಳಿಸಿಹೋಗಿದ್ದರೂ ಸಂಪ್ (ಅಡಿಯ ಆಯಿಲ್ ತೊಟ್ಟಿ) ಇಳಿಸಿದರೆ ಉತ್ತರ ಸಿಕ್ಕಿತು.

ಬೋರ್ (ಪಿಸ್ಟನ್ ಓಡುವ ತೂತು) ನೋಡುವಾಗಲೂ ಹುಷಾರಾಗಿರಬೇಕು. ಕಮ್ಮಿನ್ಸ್ 5.9 ಲೀಟರಿನ ಬೋರ್ 102 ಮಿಮೀ, ಲೈನರ್ ಇಲ್ಲ, ಪಿಸ್ಟನ್ ನೇರ ಬ್ಲಾಕಿನಲ್ಲೇ ಓಡುತ್ತದೆ. ಅದೇ ಕಂಪನಿಯ 8.3 ಲೀಟರಿನದು 114 ಮಿಮೀ, ಅದಕ್ಕೆ ವೆಟ್ ಲೈನರ್ (ಹೊರಮೈಗೆ ಕೂಲಂಟ್ ತಾಗುವ ಲೈನರ್). 5.9ರ ಮೇಲ್ಮೈಯಲ್ಲಿ ಬೋರಿನ ಸುತ್ತ ತೆಳ್ಳಗಿನ ಉಂಗುರದ ಗೆರೆ ಕಂಡರೆ ಅದು ಬೇರೆ ಬ್ಲಾಕ್ ಅಂದುಕೊಳ್ಳಬೇಡಿ. ಸವೆದ ಬೋರಿಗೆ ಯಾರೋ ಸ್ಲೀವ್ (ತೆಳು ಕೊಳವೆ) ಹೊಡೆದಿರುತ್ತಾರೆ. ಅಳತೆ 102.5 ಬಂದರೆ ಅರ್ಧ ಮಿಮೀ ಓವರ್‌ಸೈಜ್ ಮಾಡಿಸಿದ್ದಾರೆ ಅಂತ ಅರ್ಥ.

ಇದೇ 5.9ರಲ್ಲಿ ಎಂಜಿನ್ ಕೆಲಸದವರೆಲ್ಲ ಹುಡುಕುವ ಇನ್ನೊಂದು ಗುರುತಿದೆ. 1998ರಲ್ಲಿ ಡಾಜ್ ರಾಮ್ ಪಿಕಪ್‌ಗೆ 24 ವಾಲ್ವಿನ ಎಂಜಿನ್ ಬಂತು. ಆ ಪೀಳಿಗೆಯ ಕೆಲವು ಬ್ಲಾಕುಗಳ ಎಡಮಗ್ಗುಲಲ್ಲಿ, ಮುಂದುಗಡೆ, ದೊಡ್ಡದಾಗಿ 53 ಅಂತ ಎರಕದಲ್ಲೇ ಬಂದಿರುತ್ತದೆ. ಅವುಗಳಲ್ಲಿ ನೀರು ಓಡಾಡುವ ಜಾಕೆಟ್ಟಿನ ಹೊರಗೋಡೆ ಉದ್ದಕ್ಕೆ ಬಿರುಕು ಬಿಡುವುದು ಗೊತ್ತಿರುವ ಸಂಗತಿ. 53 ಇದ್ದ ಮಾತ್ರಕ್ಕೆ ಬ್ಲಾಕ್ ಎಸೆಯಬೇಕಿಲ್ಲ, ಬಿರುಕು ಬಿಡದೆ ಓಡಿದವೂ ಇವೆ. ಆದರೆ ಅಂಥ ಬ್ಲಾಕ್ ಎದುರಿಗಿದ್ದರೆ ಪಕ್ಕದ ಗೋಡೆಯನ್ನು ಪೂರ್ತಿ ತೊಳೆಸಿ, ಕೂಲಂಟ್ ಒಣಗಿದ ಗೆರೆ ಇದೆಯಾ ನೋಡಿ, ಪ್ರೆಶರ್ ಟೆಸ್ಟ್ ಮಾಡಿಸಿದ ಮೇಲೇ ಮುಂದಿನ ಖರ್ಚಿನ ಮಾತು.

ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪುಗಳ ನಂಬರ್ ಸಾಲಾಗಿದೆಯಾ ಅಂತಲೂ ನೋಡುತ್ತೇನೆ. ಬ್ಲಾಕಿಗೆ ಕಟ್ಟಿಯೇ ಅವನ್ನು ಬೋರ್ ಮಾಡಿರುವುದರಿಂದ ಬೇರೆ ಬ್ಲಾಕಿನ ಕ್ಯಾಪ್ ಹೊಂದುವುದಿಲ್ಲ.

ಗುರುತುಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಪ್ಲೇಟನ್ನು ಕೊನೆಗೆ ನಂಬುತ್ತೇನೆ, ಕೊರೆದ ತೂತುಗಳನ್ನು ಮೊದಲು ನಂಬುತ್ತೇನೆ. ಪೂರ್ತಿ ಸೆಟ್ ತರಿಸುವ ಮುಂಚೆ ಹೆಡ್ ಗ್ಯಾಸ್ಕೆಟ್ ಒಂದನ್ನು ಮಾತ್ರ ತರಿಸಿ ಬ್ಲಾಕಿನ ಮೇಲೆ ಒಣಗೇ ಹಾಸುತ್ತೇನೆ. ಬೋಲ್ಟಿನ ತೂತು, ಆಯಿಲ್ ದಾರಿ, ನೀರಿನ ದಾರಿ ಎಲ್ಲಾ ಒಂದೊಂದಾಗಿ ಕೂರುತ್ತವಾ ಅಂತ ನೋಡುತ್ತೇನೆ. ಒಂದು ಆಯಿಲ್ ತೂತು ಅರ್ಧ ಮುಚ್ಚಿದರೂ ಗ್ಯಾಸ್ಕೆಟ್ ವಾಪಸ್ ಕಳಿಸಿ ಮತ್ತೆ ಸೀಮೆಸುಣ್ಣ ಹಿಡಿಯುತ್ತೇನೆ.