ಒಂದೇ ಕಡತ, ನಾಲ್ವರು ಲೇಖಕರು: ತರಗತಿಯಲ್ಲಿ ಆನ್‌ಲೈನ್ ಸಹಬರವಣಿಗೆ ಹೇಗೆ?

ನಾಲ್ವರು ವಿದ್ಯಾರ್ಥಿಗಳಿಗೆ ಹಲವರು ಒಟ್ಟಿಗೆ ಆನ್‌ಲೈನ್‌ನಲ್ಲಿ ಬರೆದು ತಿದ್ದಬಹುದಾದ ಗೂಗಲ್ ಡಾಕ್ಸ್ ಕಡತವೊಂದರ ಲಿಂಕ್ ಕೊಟ್ಟು ‘ಸೇರಿ ಬರೆಯಿರಿ’ ಎಂದಷ್ಟೇ ಹೇಳಿದರೆ, ಚೆನ್ನಾಗಿ ಬರೆಯಬಲ್ಲ ಒಬ್ಬರು ಇಡೀ ಲೇಖನವನ್ನು ಮುಗಿಸುತ್ತಾರೆ. ಇಲ್ಲವೇ ನಾಲ್ವರೂ ತಮ್ಮ ತಮ್ಮ ಪ್ಯಾರಾ ತಂದು ಅಂಟಿಸುತ್ತಾರೆ. ಎರಡರಲ್ಲೂ ಯಾರೂ ಇನ್ನೊಬ್ಬರ ವಾಕ್ಯವನ್ನು ಓದಿ, ಪ್ರಶ್ನಿಸಿ, ತಿದ್ದುವುದಿಲ್ಲ. ಸಹಬರವಣಿಗೆಯ ಕಲಿಕೆ ಇರುವುದೇ ಆ ಕೆಲಸದಲ್ಲಿ. ಆದ್ದರಿಂದ ಅದು ತಪ್ಪಿಸಲಾಗದಂತೆ ಶಿಕ್ಷಕರು ಚಟುವಟಿಕೆಯನ್ನು ರೂಪಿಸಬೇಕು.

ಮೊದಲು ಮಾಹಿತಿಯನ್ನು ಹಂಚಿ. ಒಂಬತ್ತನೇ ತರಗತಿಗೆ ‘ನಮ್ಮೂರಿನ ಕೆರೆ’ ಎಂಬ ವಿಷಯ ಕೊಟ್ಟಿದ್ದೀರಿ ಎಂದುಕೊಳ್ಳೋಣ. ಒಬ್ಬರು ಏರಿ, ತೂಬು, ಕೋಡಿಗಳನ್ನು ನೋಡಿ ಬರಲಿ. ಇನ್ನೊಬ್ಬರು ನೀರು ಬಿಡುತ್ತಿದ್ದ ನೀರಗಂಟಿಯನ್ನೋ ಊರಿನ ಹಿರಿಯರನ್ನೋ ಮಾತನಾಡಿಸಲಿ. ಮತ್ತೊಬ್ಬರು ಅಚ್ಚುಕಟ್ಟಿನ ಬೆಳೆಗಳನ್ನೂ ನಾಲ್ಕನೆಯವರು ಹೂಳು, ಒತ್ತುವರಿಗಳನ್ನೂ ಗಮನಿಸಲಿ. ಅಮೆರಿಕದ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಬಳಸಿದ ‘ಜಿಗ್‌ಸಾ’ ವಿಧಾನದ ತಿರುಳು ಇದೇ: ಪ್ರತಿಯೊಬ್ಬರ ಬಳಿಯೂ ಉಳಿದವರಿಗೆ ಬೇಕಾದ ಒಂದು ತುಣುಕಿದ್ದಾಗ ಯಾರನ್ನೂ ಬಿಟ್ಟು ಮುಂದೆ ಸಾಗಲು ಆಗುವುದಿಲ್ಲ.

ಎರಡನೆಯದಾಗಿ, ಕಡತದಲ್ಲಿ ಕೆಲವು ಆಸರೆಗಳನ್ನು ಇಡಿ. ಮಗು ತಾನೊಬ್ಬನೇ ಮಾಡಬಲ್ಲ ಕೆಲಸಕ್ಕೂ ಹೆಚ್ಚು ಬಲ್ಲವರ ನೆರವಿನಿಂದ ಮಾಡಬಲ್ಲ ಕೆಲಸಕ್ಕೂ ನಡುವಿನ ಅಂತರವನ್ನು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ (1896–1934) ‘ಸಮೀಪ ವಿಕಾಸ ವಲಯ’ವೆಂದು ಗುರುತಿಸಿದರು. ನೆರವು ನೀಡುವವರು ಶಿಕ್ಷಕರೇ ಆಗಬೇಕಿಲ್ಲ, ಪಕ್ಕದ ಬೆಂಚಿನ ಸಹಪಾಠಿಯೂ ಆಗಬಹುದು. ಮನೋವಿಜ್ಞಾನಿಗಳಾದ ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಇಂಥ ನೆರವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು. ಮೊದಲ ಲೇಖನಕ್ಕೆ ಉಪಶೀರ್ಷಿಕೆಗಳನ್ನೂ ಮಾರ್ಗದರ್ಶಕ ಪ್ರಶ್ನೆಗಳನ್ನೂ ನೀವೇ ಬರೆದಿಡಿ. ಎರಡನೆಯದಕ್ಕೆ ಪ್ರಶ್ನೆಗಳು ಮಾತ್ರ ಸಾಕು. ಮೂರನೆಯದಕ್ಕೆ ಅವನ್ನೂ ತೆಗೆಯಿರಿ. ಈ ತೆಗೆಯುವ ಭಾಗವನ್ನೇ ನಾವು ಹೆಚ್ಚಾಗಿ ಮರೆಯುತ್ತೇವೆ.

ಮೂರನೆಯ ಹಂತ ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ಪ್ರಶ್ನಿಸುವುದು; ಅದಕ್ಕೆ ಹೆಚ್ಚು ಸಮಯ ಮೀಸಲಿಡಿ. ಪ್ರತಿಯೊಬ್ಬರೂ ಇನ್ನೊಬ್ಬರ ಭಾಗಕ್ಕೆ ಕನಿಷ್ಠ ಎರಡು ಕಾಮೆಂಟ್ ಹಾಕಬೇಕು, ಅವು ಪ್ರಶ್ನೆಗಳಾಗಿರಬೇಕು, ‘ಚೆನ್ನಾಗಿದೆ’ ಎಂಬುದು ಲೆಕ್ಕಕ್ಕಿಲ್ಲ ಎಂದು ನಿಯಮ ಮಾಡಿ. ‘ನಮ್ಮ ಕೆರೆ ತುಂಬಾ ಹಳೆಯದು’ ಎಂಬ ವಾಕ್ಯದ ಪಕ್ಕದಲ್ಲಿ ‘ಎಷ್ಟು ಹಳೆಯದು? ಯಾರು ಹೇಳಿದರು?’ ಎಂಬ ಪ್ರಶ್ನೆ ಬಂದಾಗ, ಬರೆದವರು ಮತ್ತೆ ಹಿರಿಯರ ಬಳಿ ಹೋಗಿ, ‘ತಮ್ಮ ಅಜ್ಜನ ಕಾಲದಲ್ಲಿಯೂ ಈ ತೂಬಿನಿಂದಲೇ ಗದ್ದೆಗೆ ನೀರು ಹರಿಯುತ್ತಿತ್ತು ಎಂದು ಊರಿನ ಹಿರಿಯರು ಹೇಳುತ್ತಾರೆ’ ಎಂದು ತಿದ್ದಬಹುದು. ತನ್ನ ತಿಳಿವಳಿಕೆ ಇನ್ನೊಬ್ಬರ ತಿಳಿವಳಿಕೆಗೆ ಹೊಂದದಿದ್ದಾಗ ಮನಸ್ಸು ತನ್ನನ್ನು ತಾನೇ ಮರುಜೋಡಿಸಿಕೊಳ್ಳುತ್ತದೆ ಎಂಬ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆಯವರ ವಿಚಾರ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಮೊದಮೊದಲು ಬೇರೆಯವರ ವಾಕ್ಯವನ್ನು ನೇರವಾಗಿ ಅಳಿಸಲು ಬಿಡದೆ, ತಿದ್ದುಪಡಿಯನ್ನು ಸಲಹೆಯ ರೂಪದಲ್ಲಿಯೇ ಸೂಚಿಸಲು ಹೇಳಿ. ಒಪ್ಪುವ ಅಥವಾ ಕಾರಣ ಕೊಟ್ಟು ನಿರಾಕರಿಸುವ ಹಕ್ಕು ಬರೆದವರದ್ದಾಗಿರಲಿ.

ಅನುಭವ ಬಂದ ಮೇಲೆ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಪರಿಚಯಿಸಬಹುದು. ಹೊಸಬರು ಸಮುದಾಯದ ಅಂಚಿನ ಸಣ್ಣ ಕೆಲಸಗಳಿಂದ ಕಲಿಯುತ್ತಾ ಒಳಗೆ ಬರುತ್ತಾರೆ ಎಂದು ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ವಿವರಿಸಿದ ಹಾಗೆ, ಮೊದಲು ಕಾಗುಣಿತ ತಿದ್ದುವುದು, ಬಳಿಕ ಉಲ್ಲೇಖ ಸೇರಿಸುವುದು, ಆಮೇಲೆ ಅಭ್ಯಾಸಕ್ಕೆಂದೇ ಇರುವ ಪ್ರಯೋಗಪುಟದಲ್ಲಿ ಬರೆಯುವುದು ಎಂಬ ಕ್ರಮವಿರಲಿ. ಅಲ್ಲಿ ಪ್ರಕಟಿತ ಆಧಾರ ಬೇಕಾಗುವುದರಿಂದ, ಹಿರಿಯರ ಬಾಯಿಂದ ಕೇಳಿದ ಅಮೂಲ್ಯ ಸಂಗತಿಗಳನ್ನು ತರಗತಿಯ ಕಡತದಲ್ಲಿಯೇ ಉಳಿಸಿಕೊಳ್ಳಿ.

ಅಂಕ ಕೊಡುವಾಗ ಆವೃತ್ತಿ ಇತಿಹಾಸವನ್ನು, ಅಂದರೆ ಕಡತದಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆಯನ್ನು, ತೆರೆದು ನೋಡಿ. ಯಾರು ಎಷ್ಟು ಸಾಲು ಟೈಪ್ ಮಾಡಿದರು ಎಂದು ಎಣಿಸಬೇಡಿ. ಯಾರ ಪ್ರಶ್ನೆಯಿಂದ ಯಾವ ಪ್ಯಾರಾ ಬದಲಾಯಿತು ಎಂಬುದನ್ನು ಹುಡುಕಿ. ಇಬ್ಬರು ಒಂದೇ ಕಂಪ್ಯೂಟರಿನಲ್ಲಿ ಒಂದೇ ಖಾತೆಯಿಂದ ಬರೆದಿದ್ದರೆ ಇತಿಹಾಸ ಒಬ್ಬರ ಹೆಸರನ್ನಷ್ಟೇ ತೋರಿಸುತ್ತದೆ. ಅಂಥಲ್ಲಿ ಪ್ರತಿ ಕಾಮೆಂಟಿನ ಕೊನೆಗೆ ತಮ್ಮ ಹೆಸರಿನ ಮೊದಲಕ್ಷರ ಬರೆಯಲು ಮೊದಲ ದಿನವೇ ತಿಳಿಸಿ.