ಹಳೇ ವ್ಯಾಕ್ಯೂಮ್‌ಗಳಿಗೆ ಚನ್ನಪಟ್ಟಣದ ಮರದ ಅಡಾಪ್ಟರ್: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ: ಒಂದು ಕಂಪನಿಯ ವ್ಯಾಕ್ಯೂಮ್ ಕ್ಲೀನರ್‌ಗೆ ಇನ್ನೊಂದು ಕಂಪನಿಯ ಬ್ರಷ್, ನಾಝಲ್ ಕೂರಿಸುವ ಮರದ ಅಡಾಪ್ಟರ್ ಕೆಲಸ ಮಾಡುತ್ತದೆ. ಗಾಳಿ ಸೋರುವುದಿಲ್ಲ, ಬಿರುಕೂ ಬಿಡುವುದಿಲ್ಲ. ಇಲ್ಲಿ ನನ್ನ ಜೊತೆ ಹಳೇ ವ್ಯಾಕ್ಯೂಮ್ ಕೂಡಿಡುವ ಗೆಳೆಯರಲ್ಲಿ ಇದನ್ನು ನಂಬಿದವರು ಒಬ್ಬರೂ ಇರಲಿಲ್ಲ. ಒಂದು ಒಹಾಯೊ ಚಳಿಗಾಲ ಕಳೆಯಲಿ, ಆಮೇಲೆ ಮಾತಾಡೋಣ ಅಂದಿದ್ದರು. ಒಂದಲ್ಲ, ಎರಡು ಕಳೆದವು. ಈಗ ಮಾತಾಡೋಣ.

ನಾನಿರುವುದು ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಹತ್ತಿರ. ಈ ಹುಚ್ಚಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. 1908ರಲ್ಲಿ ಸ್ಪ್ಯಾಂಗ್ಲರ್ ತನ್ನ ವ್ಯಾಕ್ಯೂಮ್‌ಗೆ ಪೇಟೆಂಟ್ ತಗೊಂಡಿದ್ದು ಇದೇ ಊರಲ್ಲಿ. ಕಸ ಗುಡಿಸುವ ಕೆಲಸ, ಮೇಲೆ ಉಬ್ಬಸ. ಫ್ಯಾನ್ ಮೋಟರಿಗೆ ಪೊರಕೆ ಕೋಲು, ದಿಂಬಿನ ಕವರ್ ಕಟ್ಟಿ ಕೂರಿಸಿದ ಮನುಷ್ಯ ಅವನು. ಆ ಹಕ್ಕು ಕೊಂಡ ಹೂವರ್ ಪಕ್ಕದ ನಾರ್ತ್ ಕ್ಯಾಂಟನ್‌ನಲ್ಲಿ ಚರ್ಮದ ಸಾಮಾನು ಮಾಡುತ್ತಿದ್ದವರು. ಹೂವರ್ ವ್ಯಾಕ್ಯೂಮ್ ಕಾರ್ಖಾನೆ 2007ರಲ್ಲಿ ಮುಚ್ಚಿತು. ಆದರೆ ಅಲ್ಲಿ ದುಡಿದವರ ಮನೆಗಳ ಬೇಸ್‌ಮೆಂಟುಗಳಲ್ಲಿ ಸರಕು ಇನ್ನೂ ಹಾಗೇ ಬಿದ್ದಿದೆ. ಇನ್ನೊಂದು ವ್ಯಾಕ್ಯೂಮ್ ಕಂಪನಿ ಕಿರ್ಬಿಯ ಊರು ಕ್ಲೀವ್‌ಲ್ಯಾಂಡ್, ಕಾರಿನಲ್ಲಿ ಒಂದು ಗಂಟೆ. ಶನಿವಾರ ಬೆಳಗ್ಗೆ ಎಸ್ಟೇಟ್ ಸೇಲ್‌ಗೆ (ಮನೆ ಖಾಲಿ ಮಾಡುವಾಗ ನಡೆಯುವ ಹಳೇ ಸಾಮಾನಿನ ಮಾರಾಟ) ಉಳಿದವರಿಗಿಂತ ಮುಂಚೆ ಹೋಗಿ ನಿಂತರೆ ಸಾಕು. ನನ್ನ ಹತ್ತಿರ ಈಗ ಎಷ್ಟಿವೆ ಅಂತ ಕೇಳಬೇಡಿ. ಮನೆಯವಳ ಲೆಕ್ಕ ಬೇರೆ, ನನ್ನ ಲೆಕ್ಕ ಬೇರೆ.

ಯಂತ್ರಕ್ಕಿಂತ ನನ್ನ ಕಣ್ಣು ಅದರ ಜೊತೆ ಬರುವ ಟೂಲ್‌ಗಳ, ಅಂದರೆ ಬ್ರಷ್, ನಾಝಲ್‌ಗಳ ಮೇಲೆ. 1937ರ ಎಲೆಕ್ಟ್ರೋಲಕ್ಸ್ ಮಾಡೆಲ್ 30 ನೋಡಲು ಚಂದ, ಎಲ್ಲರೂ ಫೋಟೊ ಹಿಡಿಯುತ್ತಾರೆ. ಅದರ ಡಬ್ಬಿಯಲ್ಲಿರುವ ಬ್ರಷ್ ಯಾರೂ ಕೈಯಲ್ಲಿ ಎತ್ತಿ ನೋಡುವುದಿಲ್ಲ. ನಮ್ಮವರು ಯಾವ ಬ್ರಷ್ ಒಳ್ಳೆಯದು ಅಂತ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಆದರೆ ಪ್ರತಿಯೊಂದು ಬ್ರಷ್ಷನ್ನೂ ಅದರದೇ ಯಂತ್ರಕ್ಕೆ ಹಾಕಿ ನೋಡಿರುತ್ತಾರೆ. ಹಾಗೆ ನೋಡಿದರೆ ಗೆದ್ದಿದ್ದು ಬ್ರಷ್ಷೋ ಮೋಟರೋ ಹೇಗೆ ಗೊತ್ತಾಗಬೇಕು? ನನಗೆ ಬೇಕಿದ್ದದ್ದು ಒಂದೇ ಮೋಟರ್, ಒಂದೇ ಹೋಸ್, ಟೂಲ್ ಮಾತ್ರ ಬದಲು.

ಗೆಳೆಯರ ತಕರಾರು ಇಷ್ಟು. ಕಿರ್ಬಿಯಲ್ಲಿ ಕಸ ಫ್ಯಾನಿನ ಮೂಲಕವೇ ಹಾದುಹೋಗುತ್ತದೆ. ಗಾಳಿ ಜಾಸ್ತಿ, ಎಳೆತ ಕಮ್ಮಿ, ಹಾಗಾಗಿ ಟೂಲ್‌ಗಳ ಬಾಯಿ ದೊಡ್ಡದು. ಎಲೆಕ್ಟ್ರೋಲಕ್ಸ್‌ನಲ್ಲಿ ಎಳೆತ ಜಾಸ್ತಿ, ಬಾಯಿ ಚಿಕ್ಕದು. ಒಂದರ ಟೂಲ್ ಇನ್ನೊಂದಕ್ಕೆ ಹಾಕಿ ನೋಡುವುದೇ ತಪ್ಪು ಅಂತ ಅವರ ವಾದ. ಅರ್ಧ ನಿಜ ಅದು. ಉಳಿದರ್ಧ ನಿಜವೋ ಸುಳ್ಳೋ ಅಂತ ಯಾರೂ ಪರೀಕ್ಷೆ ಮಾಡಿರಲಿಲ್ಲ, ಯಾಕೆಂದರೆ ಒಂದರ ಟೂಲ್ ಇನ್ನೊಂದಕ್ಕೆ ಕೂರುವುದೇ ಇಲ್ಲ.

ಕೂರಿಸಲು ನಾನು ಪಟ್ಟ ಪಾಡು ಕೇಳಿ. ಶುರು ಮಾಡಿದ್ದು ಪಿವಿಸಿಯಿಂದ. ಇಲ್ಲಿ ವ್ಯಾಕ್ಯೂಮ್‌ನ ಮಾಮೂಲಿ ಅಳತೆ 1¼ ಇಂಚು. ಹಾರ್ಡ್‌ವೇರ್ ಅಂಗಡಿಯಲ್ಲಿ 1¼ ಇಂಚಿನ ಪಿವಿಸಿ ಕೇಳಿದರೆ ಕೈಗೆ ಸಿಗುವ ಪೈಪಿನ ಹೊರಗಿನ ವ್ಯಾಸ 1.66 ಇಂಚು ಇರುತ್ತದೆ. ಪ್ಲಂಬರ್ ಲೆಕ್ಕವೇ ಬೇರೆ. 1 ಇಂಚಿನ ಪೈಪ್ ತಂದರೆ ಹೊರಗಿನ ವ್ಯಾಸ 1.315, ಕೂದಲೆಳೆಯಷ್ಟು ದಪ್ಪ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಕೂರಿಸಿದೆ. ಉಜ್ಜಿದ್ದು ಎಲ್ಲ ಕಡೆ ಸಮ ಇರಲ್ಲ ಅಲ್ವಾ, ಸಂದಿಯಲ್ಲಿ ಸಿಳ್ಳೆ ಶುರುವಾಯಿತು. ಸೈಕಲ್ ಟ್ಯೂಬ್ ಸುತ್ತಿದೆ. ಮೋಟರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಟ್ಯೂಬೇ ಒಳಗೆ ಹೋಯಿತು. ಇನ್ಸುಲೇಶನ್ ಟೇಪ್ ಸುತ್ತಿದ್ದು ಚೆನ್ನಾಗಿ ಹಿಡಿಯಿತು, ಆದರೆ ಟೂಲ್ ಬದಲಿಸಿದಾಗಲೆಲ್ಲ ಹೊಸದಾಗಿ ಸುತ್ತಬೇಕು, ಪ್ರತಿ ಸಲವೂ ದಪ್ಪ ಬೇರೆ. ಆ ಅಳತೆಗಳನ್ನೆಲ್ಲ ಬಿಸಾಡಿದೆ.

ಆಮೇಲೆ 3ಡಿ ಪ್ರಿಂಟ್. ಒಬ್ಬರ ಹತ್ತಿರ ಒಂದಕ್ಕೆ ಹತ್ತು ಹನ್ನೆರಡು ಡಾಲರ್ ಕೊಟ್ಟು ಏಳೆಂಟು ಮಾಡಿಸಿದೆ. ಅಳತೆ ಅಚ್ಚುಕಟ್ಟು. ಅವನ್ನು ಕಾರಿನಲ್ಲಿಟ್ಟುಕೊಂಡು ಜುಲೈ ಬಿಸಿಲಲ್ಲಿ ಒಂದು ಸೇಲ್‌ಗೆ ಹೋಗಿ ಬರುವಷ್ಟರಲ್ಲಿ ದುಂಡಗಿದ್ದದ್ದು ಮೊಟ್ಟೆಯಾಕಾರ ಆಗಿತ್ತು. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್‌ಗೆ ಆ ಬಿಸಿ ದೊಡ್ಡ ಮಾತಲ್ಲ. ಬೇರೆ ಪ್ಲಾಸ್ಟಿಕ್ ಇದೆ, ಗೊತ್ತು. ಅಷ್ಟೊತ್ತಿಗೆ ನಾನು ಊರಿಗೆ ಹೊರಟಿದ್ದೆ.

ಮೈಸೂರು ದಾರಿಯಲ್ಲಿ ಚನ್ನಪಟ್ಟಣಕ್ಕೆ ನಿಲ್ಲಿಸದೆ ಹೋಗುವುದುಂಟೇ? ಮಗಳಿಗೆ ಗೊಂಬೆ ಕೊಳ್ಳುವಾಗ ಲೇತ್ ಮೇಲೆ ಒಬ್ಬರು ಡಬ್ಬಿ ಕಡೆಯುವುದನ್ನು ನೋಡಿದೆ. ಮುಚ್ಚಳ ಡಬ್ಬಿಗೆ ಕೂತ ರೀತಿ ನೋಡಿ ತಲೆಗೆ ಹೊಳೆಯಿತು. ಒತ್ತಿದರೆ ಕೂರುತ್ತೆ, ತಿರುಗಿಸಿ ಎಳೆದರೆ ಬರುತ್ತೆ. ನನಗೆ ಬೇಕಾದದ್ದೂ ಅದೇ ತಾನೇ? ಆ ಸಲ ಸುಮ್ನೆ ಬಂದೆ. ಮುಂದಿನ ಸಲ ಹೋಗುವಾಗ ಕ್ಯಾಲಿಪರ್ ಹಿಡಿದು ಅಳೆದ ಡ್ರಾಯಿಂಗ್, ಜೊತೆಗೆ ಮುರಿದ ವಾಂಡ್‌ಗಳ (ಹೋಸ್ ಮತ್ತು ಟೂಲ್ ನಡುವಿನ ಗಟ್ಟಿ ಪೈಪ್) ತುದಿ ಕತ್ತರಿಸಿಕೊಂಡು ಹೋಗಿದ್ದೆ. ಏರ್‌ಪೋರ್ಟಿನಲ್ಲಿ ಆ ಪೈಪ್ ತುಂಡುಗಳಿಗಾಗಿ ಬ್ಯಾಗ್ ಬಿಚ್ಚಿಸಿದರು, ಇರಲಿ.

"ಇದೇನ್ ಸಾರ್, ಉಂಗುರಾನೂ ಅಲ್ಲ, ಬುಗುರೀನೂ ಅಲ್ಲ" ಅಂದರು ಚನ್ನಪಟ್ಟಣದ ಆ ಡಬ್ಬಿ ಕಡೆಯುವವರು.

"ಕಸ ಎಳೆಯೋ ಮಿಷನ್ನಿಂದು ಅಣ್ಣ. ಈ ಪೈಪು ಒಳಗೆ ಬಿಗಿಯಾಗಿ ಕೂರಬೇಕು, ಅದು ಹೊರಗೆ."

"ಹಾಗಾದ್ರೆ ಆ ಡ್ರಾಯಿಂಗ್ ಎತ್ತಿಡಿ. ಪೈಪ್ ಕೊಡಿ ಇಲ್ಲಿ."

ಕೆಲಸ ಶುರುವಾಯಿತು. ಆಲೆ ಮರದ ತುಂಡು ತಿರುಗುತ್ತಿದೆ, ಉಳಿ ಒಳಗೆ ಹೋಗುತ್ತಿದೆ. ಅವರು ನಡುನಡುವೆ ಲೇತ್ ನಿಲ್ಲಿಸಿ ನನ್ನ ಪೈಪ್ ತುದಿಯನ್ನು ತೂತಿಗೆ ತೂರಿಸಿ, ಸ್ವಲ್ಪ ತಿರುಗಿಸಿ, ತೆಗೆದು ನೋಡುತ್ತಾರೆ. ಲೋಹ ಉಜ್ಜಿದ ಕಡೆ ಮರದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಗೆರೆ ಬಿದ್ದ ಜಾಗ ಮಾತ್ರ ಉಳಿ ತಾಕಿಸುವುದು. ಗೆರೆ ಉಂಗುರದಂತೆ ಪೂರ್ತಿ ಸುತ್ತು ಬಂದಾಗ ನಿಲ್ಲಿಸಿದರು. ಆಮೇಲೆ ಅರಗಿನ ಕಡ್ಡಿ ಒತ್ತಿ ಹಿಡಿದರು. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿತು. ಮೇಲೆ ತಾಳೆಗರಿ ಒತ್ತಿ ಮೆರುಗು. ನನ್ನ ಕ್ಯಾಲಿಪರ್ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ.

ಆ ಮೊದಲ ಸೆಟ್ ಇಲ್ಲಿ ಫೇಲಾಯಿತು. ಗೆಳೆಯರು ಕುಣಿದಾಡಿದರು. ನವೆಂಬರಿನಲ್ಲಿ ಮನೆಯ ಹೀಟರ್ ಶುರುವಾದ ಮೇಲೆ ಒಳಗಿನ ಗಾಳಿ ಒಣಗಿ ಮರ ಕುಗ್ಗಿತು. ಒಂದೆರಡು ಬಿರುಕು ಬಿಟ್ಟವು, ಉಳಿದವು ವಾಂಡ್ ಮೇಲೆ ಹತ್ತಲೇ ಇಲ್ಲ. ಕಾರಣ ಎರಡು. ಅವಸರಕ್ಕೆ ಸಿಕ್ಕ ಮರ ಪೂರ್ತಿ ಒಣಗಿರಲಿಲ್ಲ. ಅರಗು ಹೊರಗೆ ಮಾತ್ರ ಇತ್ತು, ಒಳಮೈ ಬೋಳು. ಹೊರಗಿಂದ ತೇವ ಹೋಗಲ್ಲ, ಒಳಗಿಂದ ಹೋಗುತ್ತೆ, ಮರ ಸೊಟ್ಟಗಾಗುತ್ತೆ.

ಎರಡನೇ ಸೆಟ್‌ಗೆ ಒಣಮರ ತೆಗೆದಿಡಲು ಮೊದಲೇ ಫೋನ್ ಮಾಡಿ ಹೇಳಿದ್ದೆ. ಒಳಗೂ ಅರಗು ಹಾಕಿಸಿದೆ. ಒಳಗೆ ಅರಗು ನಿಲ್ಲಲ್ಲ, ಗಂಟು ಕಟ್ಟುತ್ತೆ ಅಂತ ಅಣ್ಣನೂ ಅನುಮಾನ ಪಟ್ಟರು. ಗಂಟು ಕಟ್ಟದಂತೆ ಒಂದು ಉಪಾಯ ಮಾಡಿದೆವು. ಅದನ್ನು ಇಲ್ಲಿ ಬರೆಯಲ್ಲ, ಅವರ ಹೊಟ್ಟೆಪಾಡಿನ ವಿಷಯವೂ ಹೌದು. ತೂತು ಒಳಗೆ ಹೋದಂತೆ ಕಿರಿದಾಗಲು ಇಳಿಜಾರು ಎಷ್ಟು ಕೊಟ್ಟೆವು ಅನ್ನುವುದನ್ನೂ ಹೇಳಲ್ಲ. ಇಷ್ಟು ಹೇಳಬಲ್ಲೆ: ಕಂಪನಿ ಟೂಲ್‌ಗಳಲ್ಲಿ ಇರುವುದಕ್ಕಿಂತ ಕಮ್ಮಿ.

ಸೋರಿಕೆ ಪರೀಕ್ಷೆಗೆ ಊದಿನಕಡ್ಡಿಗಿಂತ ಒಳ್ಳೆಯ ಸಾಧನ ಇಲ್ಲ. ಯಂತ್ರ ಆನ್ ಮಾಡಿ, ಟೂಲ್ ಬಾಯಿ ಅಂಗೈಯಲ್ಲಿ ಮುಚ್ಚಿ, ಸಂದಿಯ ಸುತ್ತ ಕಡ್ಡಿ ತಿರುಗಿಸಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿ, ಸಂದಿ ಕಡೆ ಬಾಗಿದರೆ ಸೋರುತ್ತಿದೆ. ಪಿವಿಸಿಯಲ್ಲಿ ಹೊಗೆ ಪೂರ್ತಿ ಒಳಗೆ ಹೋಗುತ್ತಿತ್ತು. ಎರಡನೇ ಸೆಟ್‌ನಲ್ಲಿ ಅಲ್ಲಾಡಲಿಲ್ಲ. ಹಳೇ ಬಟ್ಟೆ ಹೆಣಿಗೆಯ ಹೋಸ್‌ಗೂ ಇದನ್ನೇ ಮಾಡಿ ನೋಡಿ, ಉದ್ದಕ್ಕೂ ಹೊಗೆ ಕುಡಿಯುತ್ತವೆ. ನಾನು ಎಲ್ಲ ಪರೀಕ್ಷೆಗೂ ಹೊಸ ಪ್ಲಾಸ್ಟಿಕ್ ಹೋಸ್ ಬಳಸಿದ್ದು ಅದಕ್ಕೇ.

ಎಳೆತ ಅಳೆಯಲು ಮೆಟ್ಟಿಲ ಪಕ್ಕದ ಗೋಡೆಗೆ ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಕಟ್ಟಿದೆ. ನೀರಿಗೆ ಚಿಟಿಕೆ ಕುಂಕುಮ, ಗೆರೆ ಕಾಣಲಿ ಅಂತ. ನನ್ನ ಎಲೆಕ್ಟ್ರೋಲಕ್ಸ್ 1205 ನೀರನ್ನು ಎಪ್ಪತ್ತು ಇಂಚಿನ ಆಸುಪಾಸು ಎಳೆಯಿತು, ಕಿರ್ಬಿ ಟ್ರೆಡಿಷನ್ ಮೂವತ್ತು ಮುಟ್ಟಲಿಲ್ಲ. ಕಿರ್ಬಿಯವರು ಬೇಜಾರು ಮಾಡಿಕೊಳ್ಳಬೇಡಿ, ಅದರ ಕೆಲಸ ಎಳೆತದ್ದಲ್ಲ, ಗಾಳಿಯದ್ದು. ಅಡಾಪ್ಟರ್ ಇಟ್ಟು, ತೆಗೆದು ಎರಡೂ ಸಲ ಅಳೆದೆ. ವ್ಯತ್ಯಾಸ ಒಂದು ಇಂಚೂ ಇಲ್ಲ. ಟ್ಯೂಬ್ ಮತ್ತು ಯಂತ್ರದ ನಡುವೆ ಒಂದು ಖಾಲಿ ಬಾಟಲಿ ಕಡ್ಡಾಯ, ಇಲ್ಲದಿದ್ದರೆ ಕುಂಕುಮದ ನೀರು ಮೋಟರ್ ಸೇರುತ್ತದೆ. ಬೇಸ್‌ಮೆಂಟಿನಲ್ಲಿ ಸುಟ್ಟ ವಾಸನೆ ವಾರಗಟ್ಟಲೆ ಇರುತ್ತದೆ.

ಈಗ ಫಲಿತಾಂಶ. ಜಮಖಾನೆಯಷ್ಟು ಅಗಲದ ಕಾರ್ಪೆಟ್ ತುಂಡಿನ ಮೇಲೆ 100 ಗ್ರಾಂ ಚಿರೋಟಿ ರವೆ ಉದುರಿಸಿ, ಹತ್ತು ಸಲ ಎಳೆದು, ಪೇಪರ್ ಬ್ಯಾಗ್ ತೂಗುವುದು. ಮಳೆಯ ದಿನ ಬ್ಯಾಗ್ ತಾನೇ ಎರಡು ಮೂರು ಗ್ರಾಂ ತೇವ ಕುಡಿದಿರುತ್ತೆ, ಹಾಗಾಗಿ ಪ್ರತಿ ಸಲ ಮೊದಲು ಖಾಲಿ ಬ್ಯಾಗ್ ತೂಗಬೇಕು. 1205 ಮೋಟರ್ ಮೇಲೆ ಅದರದೇ ಲೋಹದ ಕಾರ್ಪೆಟ್ ನಾಝಲ್ ಎಪ್ಪತ್ತು ಗ್ರಾಂ ಹತ್ತಿರ ಎತ್ತಿತು. ಹೂವರ್ ಕನ್ವರ್ಟಿಬಲ್ ಸೆಟ್‌ನದು ಅರವತ್ತರ ಮೇಲೆ. ಕಿರ್ಬಿಯ ಅಗಲ ಬಾಯಿಯದು ಐವತ್ತಕ್ಕೆ ಸುಸ್ತು. ಬಾಯಿ ದೊಡ್ಡದಾದಷ್ಟೂ ಅಲ್ಲಿ ಗಾಳಿಯ ವೇಗ ಇಳಿಯುತ್ತೆ, ರವೆಯಂಥ ಭಾರದ್ದು ಅಲ್ಲೇ ಕೂರುತ್ತೆ. ಕಿರ್ಬಿ ಮೋಟರ್ ಮೇಲೆ ಲೆಕ್ಕ ತಲೆಕೆಳಗಾಯಿತು: ಎಲೆಕ್ಟ್ರೋಲಕ್ಸ್ ನಾಝಲ್ ಉಸಿರುಕಟ್ಟಿದಂತಾಗಿ ಮೋಟರಿನ ದನಿ ಏರಿತು, ಕಿರ್ಬಿಯದೇ ನಾಝಲ್ ಮೇಲೆ ಬಂತು. ಇಲ್ಲಿಯವರೆಗೆ ಗೆಳೆಯರು ಹೇಳಿದ್ದು ಸರಿ.

ಆದರೆ ಧೂಳಿನ ಬ್ರಷ್‌ಗಳಿಗೆ ಬಂದಾಗ ಅವರ ವಾದ ಬಿದ್ದುಹೋಯಿತು. ಪುಸ್ತಕದ ಕಪಾಟು, ಫ್ಯಾನಿನ ರೆಕ್ಕೆ, ಕಿಟಕಿ ಬ್ಲೈಂಡ್ ಮೂರರ ಮೇಲೂ, ಯಾವ ಮೋಟರ್ ಹಾಕಿದರೂ ಸರದಿ ಬದಲಾಗಲಿಲ್ಲ. ಕುದುರೆ ಕೂದಲಿನ ಹಳೇ ಬ್ರಷ್‌ಗಳು ಮೊದಲು, ನೈಲಾನ್ ಕೊನೆಗೆ. ಚಳಿಗಾಲದ ಒಣಗಾಳಿಯಲ್ಲಿ ನೈಲಾನ್ ಎಳೆಗಳಿಗೆ ಸ್ಟ್ಯಾಟಿಕ್ ಏರಿ ಧೂಳು ಬ್ರಷ್‌ಗೇ ಅಂಟಿಕೊಳ್ಳುತ್ತದೆ, ಒಳಗೆ ಹೋಗುವುದೇ ಇಲ್ಲ. ಕೂದಲು ಮೆತ್ತಗಿರುವುದರಿಂದ ಮೂಲೆಗೆ ಬಾಗಿ ಹೋಗುತ್ತದೆ. ಮೋಟರ್ ಯಾವುದಾದರೇನು? 15 ಡಾಲರಿನ ಯಂತ್ರಕ್ಕೆ ಒಳ್ಳೆ ಕೂದಲಿನ ಬ್ರಷ್ ಹಾಕಿದರೆ ಸಾಕು, ಇದನ್ನು ನಾನು ಆಣೆ ಇಟ್ಟು ಹೇಳುತ್ತೇನೆ. ಸವೆದ ಬ್ರಷ್ ಬಿಸಾಡಬೇಡಿ. ಶಾಂಪೂ ನೀರಲ್ಲಿ ತೊಳೆದು ಬಟ್ಟೆ ಸುತ್ತಿ ಒಣಗಿಸಿದರೆ ಬಾಗಿದ ಕೂದಲು ನೆಟ್ಟಗಾಗುತ್ತದೆ.

ನಡುವೆ ದಾರಿ ತಪ್ಪಿದ ಪ್ರಯೋಗಗಳೂ ಇವೆ. ರವೆ ಬದಲು ರಾಗಿ ಹಿಟ್ಟು ಹಾಕಿ ನೋಡಿದೆ, ನೀರಿನ ತೊಟ್ಟಿಯಲ್ಲಿ ಧೂಳು ಹಿಡಿಯುವ ಯಂತ್ರದಲ್ಲಿ. ತೊಟ್ಟಿ ತೆಗೆದಾಗ ನಾಲ್ಕು ಜನಕ್ಕಾಗುವಷ್ಟು ಹಸಿ ಅಂಬಲಿ. ಮನೆಯವಳು ಆ ವಾರ ರಾಗಿ ಡಬ್ಬಿ ಮೇಲಿನ ಶೆಲ್ಫಿಗೆ ಏರಿಸಿದಳು. ಇನ್ನೊಂದು, ಹಳೇ ಎಲೆಕ್ಟ್ರೋಲಕ್ಸ್‌ಗಳ ಹಿಂಬದಿಗೆ ಹೋಸ್ ಹಾಕಿ ಊದಿಸಬಹುದಲ್ಲ, ಅಲ್ಲಿಗೆ ನನ್ನ ಅಡಾಪ್ಟರ್ ಹಾಕಿದೆ. ಮೋಟರ್ ಕಾಯಿಸಿದ ಗಾಳಿಗೆ ಅರಗು ಅಂಟಂಟಾಗಿ ಹೋಸ್‌ಗೆ ಕಚ್ಚಿಕೊಂಡಿತು. ಎಳೆಯುವ ಕಡೆ ಮಾತ್ರ ಬಳಸಿ, ಊದುವ ಕಡೆ ಬೇಡ. ಮೂರನೆಯದು ಕಿರ್ಬಿಯ ಹ್ಯಾಂಡಿ ಬಟ್ಲರ್. ವ್ಯಾಕ್ಯೂಮ್ ಮೋಟರನ್ನು ಸಾಣೆಕಲ್ಲು ಮಾಡುವ ಆ ಟೂಲ್‌ನಲ್ಲಿ ಊರಿಂದ ತಂದ ಈಳಿಗೆಮಣೆ ಸಾಣೆ ಹಿಡಿದೆ. ಮನೆಯಲ್ಲಿ ಈ ಹವ್ಯಾಸಕ್ಕೆ ಸಿಕ್ಕ ಏಕೈಕ ಶಹಬ್ಬಾಸ್‌ಗಿರಿ ಅದೇ.

ದುಡ್ಡಿನ ಲೆಕ್ಕ. ಯಂತ್ರಗಳು ಅಗ್ಗ, ಸೇಲ್‌ನಲ್ಲಿ 10ರಿಂದ 40 ಡಾಲರ್. ಟೂಲ್‌ಗಳು ಹಾಗಲ್ಲ. ಡಬ್ಬಿ ಸಮೇತ ಪೂರ್ತಿ ಸೆಟ್ ಇದ್ದರೆ ಯಂತ್ರಕ್ಕಿಂತ ಎರಡು ಮೂರು ಪಟ್ಟು. ಆನ್‌ಲೈನ್‌ನಲ್ಲಿ ಕೊಂಡ ಒಂದು ಹೋಸ್ 60 ಡಾಲರಿಗೆ ಬಂತು, ಡಬ್ಬಿ ಬಿಚ್ಚಿದರೆ ಮೂರು ತುಂಡು. ಪಿವಿಸಿ, ಟೇಪು, ಪ್ರಿಂಟು ಎಲ್ಲ ಸೇರಿ 200 ಡಾಲರ್ ಹತ್ತಿರ ನೀರಿಗೆ ಹೋಯಿತು. ಚನ್ನಪಟ್ಟಣದಲ್ಲಿ ಎರಡನೇ ಸೆಟ್‌ಗೆ ಕೊಟ್ಟದ್ದು 4,000 ರೂಪಾಯಿಯ ಆಚೀಚೆ. ಅದರಲ್ಲೂ ಚೌಕಾಸಿ ಮಾಡಲು ಹೋಗಬೇಡಿ, ಒಂದೊಂದು ತೂತಿಗೂ ಅಷ್ಟು ಹೊತ್ತು ಕೂರುವ ಕೈ ಇಲ್ಲಿ ಗಂಟೆಗೆ ಎಷ್ಟು ಕೇಳುತ್ತದೆ ಅಂತ ನಿಮಗೂ ಗೊತ್ತು.

ನಕ್ಕಿದ್ದ ಗೆಳೆಯರಲ್ಲಿ ಮೂವರು ಈಗ ತಮಗೂ ಒಂದೊಂದು ಸೆಟ್ ಬೇಕು ಅನ್ನುತ್ತಿದ್ದಾರೆ. ಒಬ್ಬರಿಗಂತೂ ಕೆಂಪು, ಹಳದಿ ಪಟ್ಟಿ ಇರುವುದೇ ಆಗಬೇಕಂತೆ. ಮುಂದಿನ ಸಲ ಊರಿಗೆ ಹೋಗುವಾಗ ಮಾಡಿಸಿಕೊಂಡು ಬರುತ್ತೇನೆ. ಬೇಕಾದವರು ಅಳತೆ ಬರೆದು ಕಳಿಸಬೇಡಿ, ವಾಂಡಿನ ತುದಿಯನ್ನೇ ನಾಲ್ಕು ಇಂಚು ಕತ್ತರಿಸಿ ಕೊಡಿ.